ಬೋರ್ಡಿನ ಮೇಲೆ ಈಶ್ವರಮ್ಮನ ಹೆಸರು

ದೊಡ್ಡತೋಗೂರಿನ ಈಶ್ವರಮ್ಮನಿಗೆ ಮೂರು ವಾರದಿಂದ ಊಟ ಸೇರುತ್ತಿರಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಒಂದು ರೇಡಿಯೋ ಕಾರ್ಖಾನೆಯಲ್ಲಿ ಅವಳಿಗೆ ಬೆಸುಗೆ ಹಾಕುವ ಕೆಲಸ. ಹೊಲ ಕೈಬಿಟ್ಟುಹೋದಮೇಲೆ ಮನೆ ನಡೆಯುತ್ತಿದ್ದುದು ಅದರಿಂದಲೇ. ಅಕ್ಕಿಕಾಳಿನಷ್ಟು ಬಿಡಿಭಾಗಗಳು, ಅವುಗಳ ಮೇಲೆ ಬಣ್ಣದ ಪಟ್ಟೆಗಳು. ಯಾವುದು ಎಲ್ಲಿಗೆಂದು ಊಹಿಸಿಯೇ ಕೂರಿಸುವಳು. ತಪ್ಪಿದರೆ ಬೈಯುವ ಸೂಪರ್‌ವೈಸರ್ ಹಿಂದೆ ಬಂದು ನಿಂತರೆ ಕೈ ನಡುಗುವುದು.

ಅತ್ತೆ ಭದ್ರಮ್ಮ ದೇವರಿಗೆ ಕೈಮುಗಿದು, ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ನಡುಕ ನಿಲ್ಲಲಿಲ್ಲ.

ಒಂದು ಶುಕ್ರವಾರ ಸೊಸೆ ಅಳುತ್ತಾ ಬಂದಳು.

"ಅತ್ತೆ, ಕಾರ್ಖಾನೆ ನೋಟೀಸ್ ಬೋರ್ಡಿನಾಗೆ ನನ್ನ ಎಸರು ಆಕವ್ರೆ. ನಾಳೆ ಟ್ರೈನಿಂಗ್ ಅಂತೆ. ಕೆಲಸ ಬರ್ದೇ ಇರೋರ ಪಟ್ಟಿ ಅದು. ಅವರು ತೆಗೆಯೋಕೆ ಮುಂಚೆ ನಾನೇ ಬಿಟ್ಬಿಡ್ತೀನಿ."

"ಬಿಡು ಮತ್ತೆ. ಮದುವೆಯಾದೋಳ್ನ ಮಕ್ಕಳಂಗೆ ಬೆಂಚಿನ ಮ್ಯಾಲೆ ಕೂರುಸ್ತಾರಾ?"

ಅಷ್ಟರಲ್ಲಿ ಜೊತೆಯಲ್ಲಿ ಕೆಲಸ ಮಾಡುವ ಸೀತಾಲಕ್ಷ್ಮಿ, ಈಶ್ವರಮ್ಮ ಮರೆತುಬಂದ ಊಟದ ಡಬ್ಬಿ ಹಿಡಿದು ಬಂದಳು. ವಿಷಯ ಕೇಳಿ ಹೇಳಿದಳು:

"ಪಟ್ಟಿಯಲ್ಲಿ ನನ್ನ ಹೆಸರೂ ಇದೆ, ನೋಡ್ಲಿಲ್ವೇನೇ?"

"ನಿಂದಾ? ನಾಲ್ಕು ವರ್ಷದೋಳು ನೀನು!"

"ಈ ಸಲ ಇನ್ನಷ್ಟು ಕಲಿಯೋಕೆ ನಾನೇ ಹೆಸರು ಕೊಟ್ಟೆ. ಹೋದ ವರ್ಷಾನೂ ಟ್ರೈನಿಂಗ್‌ಗೆ ಹೋಗಿದ್ದೆ. ಅದಕ್ಕೆ ಮುಂಚೆ ನಾನೂ ದಿನಾ ಅತ್ತು, ಮುಖ ತೊಳ್ಕೊಂಡು ಮನೆಗೆ ಹೋಗ್ತಿದ್ದೆ. ಆ ಪಟ್ಟೆ ಬಣ್ಣ ಅಂದ್ರೆ ಅಂಕಿ ಕಣೇ. ಕಂದು ಒಂದು, ಕೆಂಪು ಎರಡು. ಅಷ್ಟನ್ನ ಯಾರೂ ಹೇಳಿರ್ಲಿಲ್ಲ. ಗೊತ್ತಿಲ್ಲದ್ದನ್ನ ಗೊತ್ತು ಅಂತ ಎಂಟು ಗಂಟೆ ನಟಿಸ್ತೀವಲ್ಲ, ಅದೇ ಸುಸ್ತು."

ಭದ್ರಮ್ಮ ಕೇಳಿದರು: "ಕಲ್ತುಬಿಟ್ರೆ ಬೈಗುಳ ನಿಲ್ತದಾ ತಾಯಿ?"

"ನಿಲ್ಲಲ್ಲ ಅಮ್ಮ. ಕೆಲಸಾನೂ ಕಮ್ಮಿ ಆಗಲ್ಲ. ಆದ್ರೆ ತಪ್ಪು ಎಲ್ಲಾಯ್ತು ಅಂತ ನಮಗೇ ಗೊತ್ತಾಗುತ್ತೆ. ಕೈ ನಡುಗಿದ್ರೆ ಬೆಸುಗೆ ಕಡ್ಡಿ ಕೆಳಗಿಟ್ಟು, ನಿಧಾನಕ್ಕೆ ಉಸಿರು ತಗೊಂಡು, 'ಸಾರ್, ತಿಳೀಲಿಲ್ಲ' ಅಂತ ಕೇಳೋದನ್ನೂ ಅಲ್ಲೇ ಕಲಿಸಿದ್ರು."

ಭದ್ರಮ್ಮ ಸೊಸೆಯ ಕಡೆ ತಿರುಗಿದರು.

"ನಾನು ಈ ಮನೆಗೆ ಬಂದಾಗ ಮುದ್ದೆ ತೊಳಸೋಕೆ ಬರ್ತಿರ್ಲಿಲ್ಲ. ಕೇಳೋಕೆ ನಾಚ್ಕೊಂಡು, ನಿಮ್ಮ ಮಾವಂಗೆ ಒಂದು ತಿಂಗ್ಳು ಗಂಟುಗಂಟು ಮುದ್ದೆ ಉಣ್ಣಿಸಿದೀನಿ. ಪಾಪ, ನುಂಗಿದ್ರು. ಓಗವ್ವಾ, ಕೂತು ಕಲಿ."

ಮರುದಿನ ಈಶ್ವರಮ್ಮ ತರಬೇತಿಗೆ ಹೋದಳು. ಎದ್ದು ನಿಂತು, "ಸಾರ್, ಕಂದು ಕೆಂಪು ನಂಗೆ ಒಂದೇ ತರ ಕಾಣ್ತವೆ" ಎಂದಳು. ಯಾರೂ ನಗಲಿಲ್ಲ. ಹಿಂದಿನ ಸಾಲಿನಿಂದ ಇನ್ನಿಬ್ಬರು, "ನಮಗೂ ಸಾರ್" ಎಂದರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕೆಲಸ ಬಾರದಿರುವುದು ಪಾಪವಲ್ಲ. ಅದನ್ನು ಬಚ್ಚಿಟ್ಟು ಒಳಗೊಳಗೇ ಬೇಯಬೇಡಿ. ನಿಮ್ಮಲ್ಲಿ ತರಬೇತಿ ಇದ್ದರೆ ಈ ವಾರವೇ ಹೆಸರು ಕೊಡಿ. ಇಲ್ಲದಿದ್ದರೆ ನಾಲ್ಕು ಜನ ಸೇರಿ ಕೇಳಿ. ಮನೆಯವರೇ, ಕಲಿಯಲು ಹೊರಟವರನ್ನು ಹಂಗಿಸದೆ, ಹರಸಿ ಕಳಿಸಿ.