ನಿಂತ ತಟ್ಟೆಯ ಮೇಲೆ ಮುಳ್ಳು

ಫೋನ್ ಮಾಡುವ ಮೊದಲು ಸಿರ್ಕು ಹೇಳಬೇಕಾದ್ದನ್ನೆಲ್ಲ ಬ್ರೆಡ್ಡಿನ ಚೀಲದ ಮೇಲೆ ಬರೆದುಕೊಂಡಳು. ಕೆಲಸದ ಬೇಕರಿಯಲ್ಲಿ ಅವಳು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು.

ಅಪ್ಪ ತೈಸ್ತೊ ತೀರಿಕೊಂಡು ಎರಡು ವರ್ಷ. ಅವನು ಬಿಟ್ಟುಹೋದದ್ದು ಒಂದೇ ರೆಕಾರ್ಡು, ಊರಿನ ಕುಣಿತಗಳಿಗೆ ನುಡಿಸುವ ವಾದ್ಯತಂಡ ತನ್ನ ಖರ್ಚಿನಲ್ಲೇ ಮಾಡಿಸಿದ್ದು. ಅದರಲ್ಲಿ ಅವನು ಆಳೆತ್ತರದ ತಂತಿವಾದ್ಯ ಬಾಸ್ ನುಡಿಸಿದ್ದ. ಪುಟ್ಟ ಸ್ಪೀಕರುಗಳಲ್ಲಿ ಅಕಾರ್ಡಿಯನ್ ಕೇಳುತ್ತಿತ್ತು, ಹಾಡುವವನು ಕೇಳುತ್ತಿದ್ದ, ಅಪ್ಪ ಮಾತ್ರ ಇಲ್ಲ. ಅದಕ್ಕೇ ರೌಟಿಯೊ ಅವರ ರೇಡಿಯೊ ಅಂಗಡಿಯಿಂದ ತಗ್ಗು ಸ್ವರಗಳನ್ನಷ್ಟೇ ಕೇಳಿಸುವ ಸ್ಪೀಕರ್ ಪೆಟ್ಟಿಗೆ, ಹಳೆಯದೊಂದು ಸಬ್‌ವೂಫರ್ ತಂದಳು. ಆದರೆ ಅಪ್ಪನ ಬಾಸ್ ಶುರುವಾದ ಕೂಡಲೇ ಗೂಂ ಎಂಬ ಸದ್ದು ಎದ್ದು, ಉಬ್ಬುತ್ತ ಹೋಗಿ, ಮರದ ಮನೆಯ ಕಿಟಕಿಗಳೆಲ್ಲ ನಡುಗುತ್ತಿದ್ದವು.

"ಅದು... ಗೂಂ ಅನ್ನುತ್ತೆ," ಎಂದು ಫೋನಿನಲ್ಲಿ ರೌಟಿಯೊ ಅವರಿಗೆ ಆ ಚೀಲದ ಚೀಟಿ ಓದಿದಳು.

"ನಮ್ಮನೆಯವಳು ನನ್ನ ಬಗ್ಗೆನೂ ಅದೇ ಹೇಳ್ತಾಳೆ," ಎಂದರು ರೌಟಿಯೊ. "ಪ್ಲೇಯರ್ ಎಲ್ಲಿಟ್ಟಿದ್ದೀಯಮ್ಮ?"

"ಸಬ್‌ವೂಫರ್ ಮೇಲೆ. ಅಗಲ ಸರಿಹೋಯ್ತು."

"ಅಲ್ಲ ಕಣಮ್ಮ, ಬಾಯಿ ಮೇಲೇ ಕಿವಿ ಇಟ್ರೆ ಹೇಗೆ? ಅದು ಕೂಗಿದ್ದನ್ನ ಇದು ಕೇಳುತ್ತೆ, ಇದು ಕೇಳಿದ್ದನ್ನ ಅದು ಮತ್ತೆ ಕೂಗುತ್ತೆ. ಮೊದಲು ಅಲ್ಲಿಂದ ಎತ್ತು."

ಮೇಜಿಗೆ ಸಾಗಿಸಿದಳು. ಗೂಂ ತಗ್ಗಿತು, ಹೋಗಲಿಲ್ಲ.

"ಈಗ ತಟ್ಟೆ ತಿರುಗೋದನ್ನ ನಿಲ್ಲಿಸು. ನಿಂತ ತಟ್ಟೆ ಮೇಲೆ ಮುಳ್ಳು ಇಳಿಸಿ, ಸೌಂಡ್ ಮೆಲ್ಲಗೆ ಏರಿಸಿ, ಕೋಣೆಯಲ್ಲಿ ನಡೆದು ನೋಡು."

ಉಣ್ಣೆಯ ಕಾಲುಚೀಲದಲ್ಲೇ ನಡೆದಳು. ಧುಪ್, ಧುಪ್. ಸ್ಪೀಕರಿನೊಳಗೂ ಯಾರೋ ನಡೆದರು. ನಿಂತಳು, ಅವರೂ ನಿಂತರು. ಎರಡು ವರ್ಷಗಳಲ್ಲಿ ಈ ಮನೆಯಲ್ಲಿ ಇನ್ನೊಬ್ಬರ ಹೆಜ್ಜೆ ಕೇಳಿಸಿದ್ದು ಇದೇ ಮೊದಲು. ಅದೂ ಅವಳದೇ.

"ಕೇಳಿಸ್ತಾ? ನೆಲದ ಹಲಗೆ ಎಲ್ಲಾನೂ ಮುಳ್ಳಿಗೆ ಚಾಡಿ ಹೇಳ್ತಿದೆ. ಸೈಕಲ್ ಟ್ಯೂಬಿಗೆ ಅರ್ಧ ಗಾಳಿ ತುಂಬು. ಅದರ ಮೇಲೆ ಕಲ್ಲು ಚಪ್ಪಡಿ, ಚಪ್ಪಡಿ ಮೇಲೆ ಪ್ಲೇಯರ್. ಆಮೇಲೆ ಫೋನ್ ಮಾಡು. ಮಾಡ್ತೀಯ ತಾನೇ?"

ಹಿತ್ತಲಿನ ಹಬೆಸ್ನಾನದ ಕೋಣೆ, ಸೌನಾದ ದಾರಿಯಿಂದ ಒಂದು ಚಪ್ಪಡಿ ಕಿತ್ತಳು. ಟ್ಯೂಬು ಅಪ್ಪನ ಸೈಕಲ್ಲಿನದು.

ಗೂಂ ಪೂರ್ತಿ ಹೋಯಿತು. ಅದರೊಂದಿಗೆ ಅಪ್ಪನೂ ಸಣ್ಣಗಾಗಿಬಿಟ್ಟ. ಇಷ್ಟು ದಿನ ಕೋಣೆ ತುಂಬಿ ಬೆನ್ನನ್ನು ನಡುಗಿಸಿದ್ದು ಅವನಲ್ಲ, ಬರೀ ಕೋಣೆಯ ಗೂಂ. ಅವನ ಬಾಸ್ ಮೆತ್ತಗೆ, ನೆಂಟರ ಮನೆಯಲ್ಲಿ ಬಾಗಿಲ ಬಳಿಯೇ ನಿಂತುಬಿಡುವವರ ಹಾಗೆ, ಅಕಾರ್ಡಿಯನ್ನಿನ ಹಿಂದೆಯೇ ಉಳಿಯಿತು. ಮುಳ್ಳೆತ್ತಲು ಕೈ ಚಾಚಿದಳು.

ಟಪ್. ಟಪ್.

ತನ್ನದೇ ಕಾಲಿರಬೇಕೆಂದು ಎರಡೂ ಕಾಲನ್ನು ಕುರ್ಚಿಯ ಮೇಲೆ ಎಳೆದುಕೊಂಡಳು. ಟಪ್. ತಟ್ಟೆ ನಿಲ್ಲಿಸಿ, ಮುಳ್ಳಿಳಿಸಿ, ನೆಲ ಒದ್ದು ನೋಡಿದಳು. ಸ್ಪೀಕರಿನಲ್ಲಿ ಸದ್ದಿಲ್ಲ. ಮತ್ತೆ ತಿರುಗಿಸಿದಳು. ಅದೇ ಜಾಗದಲ್ಲಿ, ಟಪ್.

ರೆಕಾರ್ಡಿನೊಳಗಿನ ಬೂಟುಗಾಲು. ಆಲೂಗಡ್ಡೆ ಬೇಯುವವರೆಗೆ ಅಪ್ಪ ಮೇಜಿನಡಿ ಹೀಗೇ ತಾಳ ಹಾಕುತ್ತಿದ್ದ. ಮನೆಯೊಳಗೆ ಬೂಟು ಹಾಕುವವರುಂಟೆ? ಅವನ ಕಾಲುಚೀಲ ಅಲುಗಿದ್ದನ್ನು ನೋಡಿದ್ದಳೇ ಹೊರತು ಸದ್ದು ಕೇಳಿರಲಿಲ್ಲ.

ಚೀಟಿಯಿಲ್ಲದೆ ಫೋನ್ ಮಾಡಿದಳು.

"ಗೂಂ ಹೋಯ್ತಾ?"

"ಹೋಯ್ತು. ಬಾಸ್ ಸಣ್ಣದು. ಅಪ್ಪಂದು. ಆದ್ರೆ ಕಾಲಲ್ಲಿ ತಾಳ ಹಾಕ್ತಿದಾನೆ."

"ಅಯ್ಯೋ, ರೆಕಾರ್ಡ್ ಮಾಡೋವಾಗ ಬೂಟು ಬಿಚ್ಚಿಸ್ತಾರಮ್ಮ. ಯಾರೋ ಮರೆತಿದಾರೆ."

"ಹೂಂ," ಎಂದಳು. "ಮರೆತಿದಾರೆ."

ಫೋನಿಟ್ಟು ಮೊದಲಿನಿಂದ ಹಾಕಿದಳು. ಈ ಸಲ ಕಾಲು ಕೆಳಗಿಟ್ಟು ಅವನ ಜೊತೆ ತಾನೂ ತಾಳ ಹಾಕಿದಳು, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಇನ್ನೆಷ್ಟು ಜೋರಾಗಿ ಹಾಕಿದರೂ ಅದು ಟ್ಯೂಬು, ಚಪ್ಪಡಿ ದಾಟಿ ಮುಳ್ಳಿನವರೆಗೆ ಹೋಗುವಂತಿರಲಿಲ್ಲ.