ಹಳದಿ ಚುಕ್ಕಿಯ ಇಲಿಗಳು ಮತ್ತು ತಂಗಿಯ ಗುಳಿಗೆ

1

ಎಲ್ಲಿಂದ ಶುರು ಮಾಡಲಿ? ನನ್ನಜ್ಜಿಗೆ ಈ ತಾಪತ್ರಯವೇ ಇರಲಿಲ್ಲ. ಕಾಲು ನೀಡಿ ಕೂತು 'ಒಂದೂರಲ್ಲಿ' ಅಂದರೆ ಸಾಕು, ರಾಕ್ಷಸ, ರಾಜಕುಮಾರಿ, ಮಾತಾಡುವ ಗಿಳಿ ಎಲ್ಲರೂ ತಾವಾಗಿ ಬಂದು ನಿಲ್ಲುತ್ತಿದ್ದರು. ನಾನು ಕರೆದಾಗ ಬಂದದ್ದು ಇಲಿಗಳು. ಅವೂ ಸತ್ತ ಇಲಿಗಳು. ಅವುಗಳ ಮಿದುಳನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು ಗಾಜಿನ ಸ್ಲೈಡುಗಳ ಮೇಲೆ ಅಂಟಿಸಿದ್ದಾರೆ. ಇಂಥದ್ದನ್ನು ಓದಲು ನೀವು ಒಪ್ಪಿದ್ದೇ ದೊಡ್ಡದು.

2

ಆ ಸ್ಲೈಡುಗಳ ಮೇಲೆ ಕಣ್ಣು ನೆಟ್ಟು ಬೆನ್ನು ಬಾಗಿಸಿಕೊಂಡಿರುವವಳು ಈ ಕಥೆಯ ಅಕ್ಕ, ಸಂಶೋಧಕಿ. ಬಸಿರಾಗದಂತೆ ನುಂಗುವ ಗುಳಿಗೆ ಮಿದುಳಿನ ರಕ್ತನಾಳಗಳಿಗೆ ಏನು ಮಾಡುತ್ತದೆ ಎಂಬುದು ಅವಳ ಪ್ರಶ್ನೆ. ಅರ್ಧ ಇಲಿಗಳಿಗೆ ಎಣ್ಣೆಯಲ್ಲಿ ಬೆರೆಸಿದ ಗುಳಿಗೆಯ ಮದ್ದು, ಇನ್ನರ್ಧಕ್ಕೆ ಬರಿಯ ಎಣ್ಣೆ. ಒಂದು ಗುಂಪಿನ ಸ್ಲೈಡಿಗೆ ಹಳದಿ ಚುಕ್ಕಿ, ಇನ್ನೊಂದಕ್ಕೆ ನೀಲಿ. ಯಾವ ಬಣ್ಣ ಯಾವ ಗುಂಪು ಎಂಬುದು ಅಕ್ಕನಿಗೆ ತಿಳಿಯಬಾರದು. ತಿಳಿದರೆ ಕಣ್ಣು ಪಕ್ಷ ವಹಿಸುತ್ತದೆ. ತಿಳಿದವನು ಮೇಲಿನ ಮಹಡಿಯ ಅಂಕಿಅಂಶದವನೊಬ್ಬನೇ. ಅವನನ್ನು ಎಲ್ಲರೂ ಲೆಕ್ಕಪ್ಪ ಅನ್ನುತ್ತಾರೆ. ಕೊನೆಯ ಸ್ಲೈಡು ಅಳೆದು ಮುಗಿಯುವ ತನಕ ಆಸಾಮಿ ಬಾಯಿ ಬಿಡುವುದಿಲ್ಲ.

2, ಮತ್ತೆ

(ಮೊದಲ ಡ್ರಾಫ್ಟಿನಲ್ಲಿ ಇಲ್ಲೊಂದು ಪ್ರೇಮಪ್ರಸಂಗವಿತ್ತು. ಲಿಫ್ಟ್ ಕೆಟ್ಟು ನಿಲ್ಲುತ್ತದೆ, ಒಳಗೆ ಅಕ್ಕ ಮತ್ತು ಲೆಕ್ಕಪ್ಪ. ಅಕ್ಕ ಓದಿ, "ಥೂ, ಅವನ ಜೊತೇನಾ? ನಿಂಗೆ ಬೇರೆ ಕೆಲಸ ಇಲ್ವಾ?" ಎಂದಳು. ಹೊಡೆದುಹಾಕಿದೆ.)

ಅಕ್ಕನ ತಂಗಿಯ ವಿಷಯಕ್ಕೆ ಬರೋಣ. ಅವಳ ಹೃದಯದ ಒಂದು ಕವಾಟ ಹುಟ್ಟಿನಿಂದಲೇ ಸರಿಯಿಲ್ಲ. ಬಸಿರಾದರೆ ಈ ಹೃದಯ ತಾಳುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು, ಹಾಗಾಗಿ ಗುಳಿಗೆ. ಈಚೆಗೆ ತಲೆನೋವು ಬರತೊಡಗಿತ್ತು. ನೋವಿಗೆ ಮುಂಚೆ ಕಣ್ಣ ಮುಂದೆ ಮಿಂಚಿನಂಥ ಗೆರೆಗಳು. ಅದೇ ಹೊತ್ತಿಗೆ ಅಕ್ಕನ ಮೈಕ್ರೋಸ್ಕೋಪಿನಡಿ ಹಳದಿ ಚುಕ್ಕಿಯ ನಾಳಗಳು ಯಾರೋ ಹಿಂಡಿದ ಹಾಗೆ ಕಿರಿದಾಗಿ ಕಂಡವು.

ಅಜ್ಜಿಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಗಿಳಿಯೊಳಗಿತ್ತು. ತಂಗಿಯ ಪ್ರಾಣ ಇಲಿಯ ತಲೆಯೊಳಗಿದೆ ಎಂದು ಅಕ್ಕನಿಗೆ ಅನ್ನಿಸಿಬಿಟ್ಟಿತು. ಇಷ್ಟೆಲ್ಲ ಓದಿದವಳಿಗೆ! ಫೋನೆತ್ತಿದಳು.

"ಗುಳಿಗೆ ನಿಲ್ಸು."

"ಡಾಕ್ಟ್ರನ್ನ ಕೇಳೋದು ಬೇಡ್ವಾ?"

"ನಾನು ಕಣ್ಣಾರೆ ನೋಡ್ತಾ ಇದೀನಿ ಕಣೇ. ಹಳದೀನೇ ಗುಳಿಗೆ ಗುಂಪು."

"ಲೆಕ್ಕಪ್ಪ ಹೇಳಿದ್ನಾ?"

"ಅವನೇನು ಹೇಳೋದು!"

ತಂಗಿ ನಿಲ್ಲಿಸಿದಳು. ಅಕ್ಕ ಹೇಳಿದ ಮೇಲೆ ಮುಗಿಯಿತು ಎಂದುಕೊಂಡೇ ಬೆಳೆದವಳು.

4

(ಮೂರನ್ನು ಹರಿದು ಹಾಕಿದೆ. ಅದರಲ್ಲಿ ಎಲ್ಲರೂ ಬುದ್ಧಿವಂತರಾಗಿದ್ದರು. ಕಥೆ ಮುಂದೆ ಹೋಗಲೇ ಇಲ್ಲ.)

ಆಮೇಲೆ ಅಕ್ಕನ ಕೈ ಕೆಟ್ಟಿತು. ರಕ್ತನಾಳವೇನು ಕೊಳವೆಯಲ್ಲ, ಅಂಚು ಮಸುಕಾಗಿರುತ್ತದೆ. ಅಗಲ ಅಳೆಯುವ ಗೆರೆಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ಅಳೆಯುವವಳ ಕೈಗೆ ಬಿಟ್ಟದ್ದು. ಹಳದಿ ಬಂದಾಗಲೆಲ್ಲ ಗೆರೆ ಒಂದು ಕೂದಲೆಳೆ ಒಳಗೇ ನಿಲ್ಲುತ್ತಿತ್ತು. ಒಂದು ಹಳದಿ ನಾಳ ಧಾರಾಳವಾಗಿ ಅಗಲವಿತ್ತು. 'ಸರಿಯಾಗಿ ನೋಡಿಲ್ಲ' ಎಂದುಕೊಂಡು ಮತ್ತೆ ಅಳೆದಳು. ಮತ್ತೆ. ಮೂರನೆಯ ಸಲಕ್ಕೆ ಕೈ ಅಲ್ಲೇ ನಿಂತಿತು. ನೀಲಿಯನ್ನು ಅವಳು ಒಮ್ಮೆಯೂ ಎರಡು ಸಲ ಅಳೆದಿರಲಿಲ್ಲ.

ಮಹಡಿ ಹತ್ತಿ ಹೋಗಿ ಎಲ್ಲವನ್ನೂ ಒದರಿದಳು. ಲೆಕ್ಕಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಅಂದ್ರೆ ಇಷ್ಟು ತಿಂಗಳು ಅಳೆದಿದ್ದು?"

"ಬೇರೆಯವರು ಮತ್ತೆ ಅಳೀಬೇಕು."

"ಹಾಳಾಗ್ ಹೋಯ್ತು."

"ಹಳದಿ ಯಾವ್ದು, ಅದೊಂದು ಹೇಳಿಬಿಡು."

"ಹೇಳಿದ್ರೆ ಉಳಿದಿದ್ದೂ ಕಸದ ಬುಟ್ಟಿಗೆ."

"ನನ್ನ ತಂಗಿ ಕಣೋ!"

"ಇಲಿ ನಿನ್ನ ತಂಗಿ ಅಲ್ಲ ತಾಯಿ. ತಂಗೀನ ಡಾಕ್ಟ್ರ ಹತ್ರ ಕಳ್ಸು, ಇಲೀನ ನಂಗೆ ಬಿಡು."

ಮೆಟ್ಟಿಲಿಳಿಯುವಾಗ ಫೋನ್ ಬಂತು.

"ಅಕ್ಕಾ, ಈ ಸಲ ಮುಟ್ಟಾಗ್ಲಿಲ್ಲ."

5

ಇನ್ನು ಅಂತ್ಯ. ನನ್ನ ಹತ್ತಿರ ಎರಡಿವೆ.

ಒಂದು: ಹಳದಿ ಗುಳಿಗೆಯದೇ. ಅಕ್ಕನ ಕಣ್ಣು ಗೆದ್ದಿತು.

ಇನ್ನೊಂದು: ಹಳದಿ ಬರಿಯ ಎಣ್ಣೆ. ನಾಳಗಳನ್ನು ಹಿಂಡಿದ್ದು ಅಕ್ಕನ ಕೈಯೇ. ಅವಳು ಸ್ಲೈಡುಗಳ ಮುಂದೆ ಕೂತು ಅಳುತ್ತಾಳೆ. (ಇದು ಚೆನ್ನಾಗಿದೆ ಅಂದುಕೊಂಡಿದ್ದೆ. ಬಹುಮಾನಕ್ಕೂ ಕಳಿಸಬಹುದಿತ್ತು.)

"ಎರಡರಲ್ಲೂ ಹಳದೀದೇ ಗೋಳಲ್ಲ," ಎಂದಳು ತಂಗಿ. ಇಲ್ಲಿಯ ತನಕ ನನ್ನ ಜೊತೆ ಮಾತಾಡಿರಲೇ ಇಲ್ಲ ಅವಳು. "ನಾನೆಲ್ಲಿ?"

"ಇರು ಇರು, ನಿನಗೂ ಒಂದು ಬರೀತೀನಿ. ಬಸಿರು ಅಲ್ಲ ಅಂತ ಗೊತ್ತಾಗತ್ತೆ, ಎಲ್ರೂ ನಗ್ತಾರೆ—"

"ನೀನೂ ಅವಳ ಥರಾನೇ ಕಣೇ. ಅವಳು ನನ್ನ ಕೇಳದೆ ನಿಲ್ಸು ಅಂದ್ಲು, ನೀನು ನನ್ನ ಕೇಳದೆ ಮುಗಿಸ್ತಾ ಇದೀಯ. ಮೈ ಯಾರದು?"

ಅವಳು ಚಪ್ಪಲಿ ಮೆಟ್ಟಿಕೊಂಡು ನನ್ನ ಪುಟದಿಂದ ಹೊರಟೇಬಿಟ್ಟಳು. ಪರೀಕ್ಷೆ ಮಾಡಿಸಿದ್ದು, ಹೃದಯದ ಡಾಕ್ಟರನ್ನು ಕಾಣಲು ಸಮಯ ಗೊತ್ತು ಮಾಡಿದ್ದು, ಎಲ್ಲ ಅವಳೇ. ಫಲಿತಾಂಶವನ್ನು ನನಗೂ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ.

6

ಆಸ್ಪತ್ರೆಯ ಕಾರಿಡಾರು. ಗೋಡೆಗೊರಗಿಸಿದ ಉದ್ದ ಬೆಂಚು, ಒಂದು ಕಾಲು ಗಿಡ್ಡ, ಅಲುಗಿದರೆ ಟಕ್ ಅನ್ನುತ್ತದೆ. ತಂಗಿಯನ್ನು ಒಳಗೆ ಕರೆದರು. ಅಕ್ಕನೂ ಎದ್ದಳು.

"ನೀನು ಇಲ್ಲೇ ಕೂತಿರು," ಎಂದಳು ತಂಗಿ, ಕೈಚೀಲವನ್ನು ಅವಳ ಮಡಿಲಿಗೆ ಹಾಕಿ. "ತಲೆನೋವಿಂದು, ಗುಳಿಗೆದು, ಎಲ್ಲ ನಾನೇ ಕೇಳ್ತೀನಿ."

ನಾನು ಹಿಂದೆಯೇ ನುಸುಳಲು ನೋಡಿದೆ. ಕಥೆ ಬರೆಯುವವಳಿಗೆ ಯಾವ ಬಾಗಿಲಾದರೇನು! ಬಾಗಿಲು ನನ್ನ ಮೂಗಿಗೆ ಸರಿಯಾಗಿ ಮುಚ್ಚಿಕೊಂಡಿತು.

ಅಕ್ಕ ಕೈಚೀಲದ ಜಿಪ್ಪು ಎಳೆದಳು, ಮುಚ್ಚಿದಳು, ಎಳೆದಳು. ಆಮೇಲೆ ನನ್ನ ಕಡೆ ತಿರುಗಿ, "ಒಳಗೆ ಏನು ನಡೀತಾ ಇದೆ ಅಂತ ನಿಂಗೆ ಗೊತ್ತಲ್ವಾ? ಹೇಳು. ಅದೊಂದು ಹೇಳಿಬಿಡು," ಎಂದಳು.

ಹೇಳಿದರೆ ಕಥೆ ಕಸದ ಬುಟ್ಟಿಗೆ ಎಂದು ಲೆಕ್ಕಪ್ಪನ ಹಾಗೆ ಗತ್ತಿನಿಂದ ಹೇಳಲು ಬಾಯಿ ತೆರೆದೆ. ಆದರೆ ಅವನಿಗೆ ಗೊತ್ತಿತ್ತು. ನನಗೆ ಗೊತ್ತಿಲ್ಲ.

"ಸ್ವಲ್ಪ ಆ ಕಡೆ ಸರಿ," ಎಂದು ಅವಳ ಪಕ್ಕ ಕೂತೆ. ಬೆಂಚು ಟಕ್ ಅಂದಿತು.