ಪೆರೀನಳ ಗುಣುಗು

ಪೆರೀನ್‌ಗೆ ಕೂತು ಹೆಣೆದೇ ಗೊತ್ತಿರಲಿಲ್ಲ. ಅವಳು ಹುಟ್ಟಿದ, ಫ್ರಾನ್ಸ್ ಕರಾವಳಿಯ ಬಳಿಯ ಜರ್ಸಿ ದ್ವೀಪದಲ್ಲಿ ಹೆಂಗಸರು ಗಂಡಸರೆನ್ನದೆ ಎಲ್ಲರೂ ದಾರಿ ನಡೆಯುತ್ತಲೇ ಉಣ್ಣೆಯ ಕಾಲುಚೀಲ ಹೆಣೆಯುವವರು. ಹತ್ತೊಂಬತ್ತರ ಹರೆಯದಲ್ಲಿ ಹಡಗು ಹತ್ತಿ ಮ್ಯಾಸಚೂಸೆಟ್ಸ್ ಕೊಲ್ಲಿಯ ಈ ಮೀನುಗಾರರ ಊರಿಗೆ ಬಂದು, ವಿಧವೆ ಬೆತಾಯಾ ಪಿಕ್‌ವರ್ತಳ ಮನೆಯಲ್ಲಿ ಐದು ವರ್ಷದ ಕರಾರಿಗೆ ಕೆಲಸಕ್ಕೆ ನಿಂತ ಮೇಲೂ ಆ ಅಭ್ಯಾಸ ಅವಳನ್ನು ಬಿಡಲಿಲ್ಲ. ತೊರೆಗೆ ಹೋಗುವಾಗ, ಹಸು ಹೊಡೆದುಕೊಂಡು ಬರುವಾಗ, ಕೈ ತನ್ನಷ್ಟಕ್ಕೆ ಹೆಣೆಯುತ್ತಿತ್ತು. ತುಟಿ ತನ್ನಷ್ಟಕ್ಕೆ ಕುಣಿಕೆ ಎಣಿಸುತ್ತಿತ್ತು. ಎಣಿಕೆ ಮಾತ್ರ ಊರಿನವರ ಇಂಗ್ಲಿಷಿನಲ್ಲಲ್ಲ, ಅಜ್ಜಿ ಕಲಿಸಿದ ಫ್ರೆಂಚಿನಲ್ಲಿ.

ಅದೇ ಮುಳುವಾಯಿತು. ಮೇಪಲ್ ಎಲೆಗಳು ಕೆಂಪಾಗಿದ್ದ ಒಂದು ಬೆಳಿಗ್ಗೆ, ಪಕ್ಕದ ಮನೆಯ ಡಾರ್ಕಸ್ ಹಾಸ್ಕಿನ್ಸ್ ಮೂರು ಗಂಟೆ ಕೆನೆ ಕಡೆದರೂ ಬೆಣ್ಣೆ ಬರಲಿಲ್ಲ. ತಲೆಯೆತ್ತಿ ನೋಡಿದರೆ ಬೇಲಿಯಾಚೆ ಪೆರೀನ್, ಏನನ್ನೋ ಗುಣುಗುತ್ತ ನಡೆದಿದ್ದಾಳೆ. ಸಂಜೆಯೊಳಗೆ ಸುದ್ದಿ ಊರೆಲ್ಲ ಹಬ್ಬಿತು. ಮರುದಿನ ಪೆರೀನ್ ತೊರೆಗೆ ಹೋದಾಗ ಅಲ್ಲಿದ್ದ ಹೆಂಗಸರು ಅರ್ಧ ತುಂಬಿದ ಕೊಡಗಳನ್ನೇ ಎತ್ತಿಕೊಂಡು ಸರಿದು ನಿಂತರು.

"ಅವರೆಲ್ಲ ಯಾಕಮ್ಮ ನನ್ನ ಹಾಗೆ ನೋಡ್ತಾರೆ?" ಎಂದು ಅವಳು ಮನೆಗೆ ಬಂದು ಕೇಳಿದಳು.

ಬೆತಾಯಾ ಕಾಡ್ ಮೀನಿನ ಹೊಟ್ಟೆ ಸೀಳುತ್ತಿದ್ದಳು. "ಡಾರ್ಕಸ್ ಮನೇಲಿ ಬೆಣ್ಣೆ ಬರಲಿಲ್ವಂತೆ. ನೀನು ಮಾಟ ಮಾಡಿದೀಯಂತೆ. ಅವಳ ಕೈಯಲ್ಲಿ ಬೆಣ್ಣೆ ಬರದೇ ಇರೋಕೆ ಮಾಟ ಬೇರೆ ಬೇಕಾ? ಹೋಗು, ಬಟಾಣಿ ಬೇಯೋಕೆ ಇಡು."

ಬೆತಾಯಾಳ ಬಾಯಿ ಜೋರು. ಆದರೆ ಆ ದಿನ ಅವಳು ಪೆರೀನಳ ತಟ್ಟೆಗೆ ಕೇಳದೆಯೇ ಇನ್ನೊಂದು ತುಂಡು ಮೀನು ಬಡಿಸಿದಳು. ಪೆರೀನ್‌ಗೆ ಭಯವಾದದ್ದು ಅದನ್ನು ಕಂಡೇ.

ಗುರುವಾರದ ಉಪದೇಶ ಮುಗಿದ ಮೇಲೆ ಸಭಾಮನೆಯಲ್ಲಿಯೇ ನಿಲ್ಲಬೇಕೆಂದು ಪೆರೀನ್‌ಗೆ ಹೇಳಿಕಳಿಸಿದರು. ಪಾದ್ರಿ ಲಿಂಡಾಲ್ ಮೇಜಿನ ಹಿಂದೆ ಕೂತಿದ್ದರು. ಪಕ್ಕದಲ್ಲಿ ಜೋಥಮ್ ಬ್ಲೇಕ್, ಎಪ್ಪತ್ತು ದಾಟಿದ ಹಿರಿಯ. ಮೂವತ್ತು ವರ್ಷದಿಂದ ಊರಿನ ಕೀರ್ತನೆ ಎತ್ತಿಕೊಡುತ್ತಿದ್ದವನು ಅವನೇ. ಬೆಂಚುಗಳಲ್ಲಿ ಅರ್ಧ ಊರಿತ್ತು.

"ದಾರೀಲಿ ಏನು ಗುಣುಗ್ತೀಯಮ್ಮ?" ಎಂದು ಪಾದ್ರಿ ಮೆತ್ತಗೆ ಕೇಳಿದರು.

"ಕುಣಿಕೆ ಎಣಿಸ್ತೀನಿ ಅಯ್ಯನವರೇ."

"ಹಾಗಾದ್ರೆ ದೇವರು ಕೊಟ್ಟ ಇಂಗ್ಲಿಷಲ್ಲಿ ಎಣಿಸೋಕೆ ಏನು ರೋಗ?" ಎಂದಳು ಡಾರ್ಕಸ್.

"ಕಾಲುಚೀಲದ ಹಿಮ್ಮಡಿ ತಿರುಗಿಸೋವಾಗ ಲೆಕ್ಕ ತಪ್ಪಿಹೋಗುತ್ತೆ. ನಮ್ಮ ಮಾತಲ್ಲಾದ್ರೆ ತಪ್ಪೋದಿಲ್ಲ."

ಪಾದ್ರಿ ಗಲ್ಲ ಕೆರೆದುಕೊಂಡು, ಕರ್ತನ ಪ್ರಾರ್ಥನೆ ಹೇಳು ಎಂದರು. ಸೈತಾನನ ಕೈಗೆ ಸಿಕ್ಕವರ ನಾಲಿಗೆ ಆ ಪ್ರಾರ್ಥನೆಯಲ್ಲಿ ತೊಡರುತ್ತದೆ ಎಂಬುದು ಊರಿನ ಮಕ್ಕಳಿಗೂ ಗೊತ್ತು. ಪೆರೀನ್ ಚೆನ್ನಾಗಿಯೇ ಶುರುಮಾಡಿದಳು. "ನಮ್ಮನ್ನು ಶೋಧನೆಯೊಳಗೆ..." ಎಂಬಲ್ಲಿಗೆ ಬಂದಾಗ ಮುಂದಿನ ಇಂಗ್ಲಿಷ್ ಮಾತು ಹೊಳೆಯಲೇ ಇಲ್ಲ. ಅಜ್ಜಿಯ ಮಾತು ಬಾಯ ತುದಿಗೆ ಬಂದಿತ್ತು. ಅದನ್ನು ಆಡಲು ಹೆದರಿ ನುಂಗಿಕೊಂಡಳು. ಬೆಂಚುಗಳಲ್ಲಿ ಗುಸುಗುಸು ಎದ್ದಿತು.

ಆಗ ಹಿಂದಿನಿಂದ ಬೆತಾಯಾಳ ದನಿ ಬಂತು. "ಏ ಹುಡುಗಿ, ಬೆಳಿಗ್ಗೆ ಹಾಲು ಕರೆಯೋವಾಗ ಹಾಡ್ತೀಯಲ್ಲ, ಅದನ್ನ ಹಾಡು. ಅದೂ ದೇವರ ಹಾಡೇ ಅಂದಿದ್ದೆ ತಾನೇ?"

"ಅದು ಫ್ರೆಂಚಲ್ಲಿದೆ ಅಮ್ಮ."

"ದೇವರಿಗೆ ಅರ್ಥ ಆಗುತ್ತೆ. ಇವರಿಗೆ ಆಗದೇ ಇದ್ರೆ ಅದು ಇವರ ಹಣೆಬರಹ."

ಪಾದ್ರಿ ತಲೆಯಾಡಿಸಿದರು. ಪೆರೀನ್ ಕಣ್ಣು ಮುಚ್ಚಿ ಹಾಡಿದಳು. ಮೊದಲ ಸಾಲು ಮುಗಿಯುವಷ್ಟರಲ್ಲಿ ಬೆಂಚುಗಳ ಗುಸುಗುಸು ನಿಂತಿತ್ತು. ಮಾತು ಯಾರಿಗೂ ತಿಳಿಯಲಿಲ್ಲ, ರಾಗ ಮಾತ್ರ ಎಲ್ಲರಿಗೂ ತಿಳಿದದ್ದು. ಪ್ರತಿ ಭಾನುವಾರ, ಸಬ್ಬತ್ ದಿನ, ಇದೇ ಮಾಡಿನ ಕೆಳಗೆ, ನೂರನೆಯ ಕೀರ್ತನೆಗೆ ಅವರು ಹಾಡುತ್ತಿದ್ದುದೂ ಅದೇ. ಜೋಥಮ್ ತಾತನ ಬೆರಳು ಮೇಜಿನ ಮೇಲೆ ತಾಳ ಹಾಕತೊಡಗಿತು. ಮೂರನೆಯ ಸಾಲಿಗೆ ಅವನು ಕೈಯೆತ್ತಿ ತಡೆದ.

"ನಿಲ್ಲು, ನಿಲ್ಲು. ಅಲ್ಲಿ ಇಳಿಸಬೇಕು. ನೀನು ಏರಿಸ್ತಿದೀಯ."

ಪೆರೀನ್‌ಗೆ ಹೆದರಿಕೆ ಮರೆತೇಹೋಯಿತು. "ಇಲ್ಲ ತಾತ, ಅಲ್ಲಿ ಏರಿಸ್ಬೇಕು. ನೀವೇ ಪ್ರತಿ ವಾರ ಇಳಿಸ್ತಿರೋದು. ಹೇಳೋದು ಹೇಗೆ ಅಂತ ಇಷ್ಟು ದಿನ ಸುಮ್ನಿದ್ದೆ."

ಯಾರೋ ಕಿಸಕ್ಕನೆ ನಕ್ಕು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಜೋಥಮನ ಮುಖ ಬೀಟ್ರೂಟಾಯಿತು. ಪಾದ್ರಿ ರಾಗದ ಸ್ವರಗಳನ್ನೂ ಅಚ್ಚು ಹಾಕಿದ್ದ ಹಳೆಯ ಕೀರ್ತನೆ ಪುಸ್ತಕ ತರಿಸಿ, ಕನ್ನಡಕ ಏರಿಸಿ, ಆ ಸಾಲಿನ ಮೇಲೆ ಬೆರಳಾಡಿಸಿದರು. ಆಮೇಲೆ ಪುಸ್ತಕವನ್ನು ಮೆಲ್ಲಗೆ ಜೋಥಮನ ಕಡೆ ತಿರುಗಿಸಿದರು.

"ಏರಿಸ್ಬೇಕು ಅಂತಲೇ ಇದೆ, ಹಿರಿಯರೇ."

ಜೋಥಮ್ ಬಹಳ ಹೊತ್ತು ಪುಸ್ತಕ ನೋಡಿದ. "ಮೂವತ್ತು ವರ್ಷ," ಎಂದ. "ಮೂವತ್ತು ವರ್ಷ ಊರಿಗೂರೇ ನನ್ನ ಹಿಂದೆ ಇಳೀತಲ್ಲ, ಒಬ್ಬರೂ ಹೇಳ್ಲಿಲ್ವಲ್ಲ." ಮತ್ತೆ ಪೆರೀನಳ ಕಡೆ ತಿರುಗಿ, "ಇನ್ನೊಂದ್ಸಲ ಹಾಡಮ್ಮ. ಮೂರನೇ ಸಾಲು ನಿಧಾನಕ್ಕೆ," ಎಂದ.

"ಈ ರಾಗ ನಮ್ಮ ಮತದ ಗುರುಗಳಿದ್ದ ಜಿನೀವಾದಿಂದ ನಮಗೂ ಬಂತು, ಇವಳ ದ್ವೀಪಕ್ಕೂ ಹೋಯ್ತು," ಎಂದರು ಪಾದ್ರಿ, ಬೆಂಚುಗಳಿಗೆ ಕೇಳುವಂತೆ. "ನಮ್ಮ ಅಣ್ಣತಮ್ಮಂದಿರ ಮನೆ ಹುಡುಗಿ ಇವಳು. ಇನ್ನು ಎಲ್ಲರೂ ಮನೆಗೆ ಹೋಗಬಹುದು." ಜೋಥಮ್ ಮಾತ್ರ ಹೋಗಲಿಲ್ಲ, ಅವಳಿಂದ ಐದು ಸಲ ಹಾಡಿಸಿಕೊಂಡ.

ಡಾರ್ಕಸ್ ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ. ಎರಡು ದಿನ ಬಿಟ್ಟು ಕಡೆಯುವ ಮರದ ಪಾತ್ರೆಯನ್ನೇ ಹೊತ್ತುಕೊಂಡು ಬಂದು ಬಾಗಿಲಲ್ಲಿ ನಿಂತಳು. "ನೀನು ಮಾಟ ಮಾಡಿಲ್ಲ ಅಂದ್ರೆ ಇದು ಯಾಕೆ ಹೀಗೆ ಅಂತ ನೀನೇ ಹೇಳು."

ಪೆರೀನ್ ಬೆರಳದ್ದಿ ನೋಡಿದಳು. "ಕೆನೆ ತಣ್ಣಗೆ ಕೊರೀತಿದೆ. ಎಲ್ಲಿಟ್ಟಿದ್ರಿ?"

"ನೆಲಮಾಳಿಗೇಲಿ."

"ಬೇಸಿಗೆಗೆ ಸರಿ. ಈ ಚಳೀಲಿ ಒಲೆ ಹತ್ರ ಸ್ವಲ್ಪ ಹೊತ್ತು ಇಡಿ."

ಒಲೆಯ ಬಳಿ ಇಟ್ಟು, ಬೆಚ್ಚಗಾದ ಮೇಲೆ ಇಬ್ಬರೂ ಸರದಿಯಲ್ಲಿ ಕಡೆದರು. ಬೆಣ್ಣೆ ಬಂತು. ಡಾರ್ಕಸ್ ತಪ್ಪಾಯಿತು ಎನ್ನಲಿಲ್ಲ. ಒಂದು ಉಂಡೆ ಬೆಣ್ಣೆ ತೆಗೆದು ಮೇಜಿನ ಮೇಲಿಟ್ಟು, "ನಿಮ್ಮ ಯಜಮಾನಿ ನನ್ನ ಕೈಗುಣದ ಬಗ್ಗೆ ಏನೋ ಅಂದ್ಲಂತೆ, ತಿಂದು ನೋಡ್ಲಿ," ಎಂದು ಹೊರಟುಹೋದಳು.

"ಉಪ್ಪು ಕಡಿಮೆ," ಎಂದಳು ಬೆತಾಯಾ, ಮೂರನೆಯ ರೊಟ್ಟಿಗೆ ಸವರಿಕೊಳ್ಳುತ್ತ.

ಮುಂದಿನ ವಾರ ಜೋಥಮನ ಕಣಜದಲ್ಲಿ ಮುಸುಕಿನ ಜೋಳ ಸುಲಿಯುವ ಕೆಲಸವಿತ್ತು. ಅವನ ಹೆಂಡತಿಯೇ ಬಂದು ಪೆರೀನಳನ್ನು ಕರೆದಳು. ಮಧ್ಯಾಹ್ನದ ಬಿಸಿಲು ಕಣಜದ ಬಾಗಿಲಿನಿಂದ ಒಳಗೆ ಚಾಚಿತ್ತು. ಹೆಂಗಸರು ಒತ್ತಿಕೊಂಡು ಕೂತಿದ್ದ ಸಾಲಿನಲ್ಲಿ ಯಾರೋ ಸರಿದು ಜಾಗ ಮಾಡಿಕೊಟ್ಟರು. ಪೆರೀನ್ ಸಂಜೆಯವರೆಗೆ ಸುಲಿದಳು, ಸೇಬಿನ ರಸ ಕುಡಿದಳು, ಯಾರ ಮಗಳನ್ನು ಯಾರು ಬಂದು ಕೇಳಿದರು ಎಂಬುದನ್ನೆಲ್ಲ ಕೇಳಿಸಿಕೊಂಡಳು. ಅರ್ಧದಷ್ಟು ಮಾತು ತಿಳಿಯಲಿಲ್ಲ. ಆದರೂ ಎಲ್ಲರೂ ನಕ್ಕಾಗ ಅವಳಿಗೂ ನಗು ಬರುತ್ತಿತ್ತು.